ಹಳೆಯ ಮೋಟಾರೂ ಗಾಲಿಯ ಮೇಲಿನ ಬಿಡಾರವೂ

ಮನೆವಾರ್ತೆಯ ಈ ಪುಟಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಅಡಿಗೆ, ಮನೆಮದ್ದು, ಮಕ್ಕಳ ಓದು, ತಿಂಗಳ ವೆಚ್ಚ ಮುಂತಾದ ವಿಷಯಗಳನ್ನು ಕುರಿತವು. ಈ ತಿಂಗಳು ಬಂದವುಗಳಲ್ಲಿ ಒಂದು ಕಾಗದ ಮಾತ್ರ ಬೇರೆಯ ತೆರನಾದುದು. ಬರೆದವರು ಗೃಹಿಣಿಯೊಬ್ಬರು. ಅವರ ಮಗನು ಅಮೆರಿಕದ ಕೊಲರಾಡೊ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವನಂತೆ. ಅವನು ಹದಿನೈದು ವರ್ಷ ಹಳೆಯದಾದ ದೊಡ್ಡ ಮೋಟಾರೊಂದನ್ನು ಕೊಂಡು, ಅದರ ಬೆನ್ನಿಗೆ ಗಾಲಿಗಳ ಮೇಲೆ ಉರುಳುವ ಸಣ್ಣ ಮನೆಯೊಂದನ್ನು ಕಟ್ಟಿ, ಬರುವ ಬೇಸಗೆಯಲ್ಲಿ ತಂದೆತಾಯಿಗಳನ್ನೂ ಹೆಂಡತಿಮಕ್ಕಳನ್ನೂ ಕುಳ್ಳಿರಿಸಿಕೊಂಡು ರಾಕಿ ಪರ್ವತಗಳಲ್ಲಿ ಸಂಚಾರ ಹೋಗಬೇಕೆಂದು ಸಿದ್ಧತೆ ನಡೆಯಿಸಿದ್ದಾನೆ. “ಹಳೆಯ ಬಂಡಿಯನ್ನು ನಂಬಿ ಮೊಮ್ಮಕ್ಕಳೊಡನೆ ಹತ್ತಬಹುದೆ? ನನಗೆ ಯಂತ್ರದ ವಿಷಯ ಏನೂ ತಿಳಿಯದು. ಮಗನ ಮನಸ್ಸು ನೋಯದಂತೆ ನಾನು ಏನನ್ನು ಕೇಳಬೇಕು?” ಎಂದು ಆ ತಾಯಿ ವಿಚಾರಿಸಿದ್ದಾರೆ.

ಪ್ರಶ್ನೆ ಸಣ್ಣದಲ್ಲ. ನಾವು ಅದೇ ಸಂಸ್ಥಾನದ ಡೆನ್ವರ್ ನಗರದಲ್ಲಿ ಕೆಲವು ವರ್ಷ ಸಂಸಾರ ಮಾಡಿದವರು. ಇಂಥದೇ ಹಳೆಯ ಬಂಡಿಯನ್ನೂ ಇಂಥದೇ ಉರುಳುವ ಮನೆಯನ್ನೂ ಇಟ್ಟುಕೊಂಡು, ಒಂದು ಸಲ ಬಹಳವಾಗಿ ಹೆದರಿ, ಆ ಹೆದರಿಕೆಯಿಂದ ಕೆಲವು ಸಂಗತಿಗಳನ್ನು ಕಲಿತವರು. ಆ ದೇಶದಲ್ಲಿ ನೆಲೆಸಿರುವ ನಮ್ಮ ವಾಚಕರು ಕೆಲವರಿದ್ದಾರೆ. ಅಲ್ಲಿ ಮಕ್ಕಳಿರುವ ವಾಚಕರಂತೂ ಇನ್ನೂ ಹೆಚ್ಚು ಮಂದಿ. ಆದುದರಿಂದ ಈ ತಿಂಗಳ ಪುಟವನ್ನು ಈ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಹೆಸರುಗಳನ್ನು ತಿಳಿದುಕೊಳ್ಳೋಣ. ಮುಂದೆ ಎಳೆಯುವ ಎತ್ತರದ ದೊಡ್ಡ ಮೋಟಾರಿಗೆ ಎಸ್‌ಯುವಿ ಎಂದು ಹೆಸರು; ನಾವು ಬಂಡಿಯೆನ್ನುವೆವು. ಹಿಂದೆ ಬರುವುದಕ್ಕೆ ಟ್ರಾವೆಲ್ ಟ್ರೇಲರ್ ಎಂದು ಹೆಸರು. ನಾವು ಅದನ್ನು ಬಿಡಾರವೆನ್ನುವೆವು. ಅದರೊಳಗೆ ಮಂಚ, ಒಲೆ, ನೀರಿನ ತೊಟ್ಟಿ, ಬಚ್ಚಲು ಎಲ್ಲವೂ ಉಂಟು. ಇಂಜಿನು ಮಾತ್ರ ಇಲ್ಲ. ಇದು ಹೊಸ ಶೋಕಿಯೂ ಅಲ್ಲ. ವಾಲಿ ಬಯಮ್ ಎಂಬಾತನು ೧೯೩೧ರಲ್ಲಿ ಏರ್‌ಸ್ಟ್ರೀಮ್ ಎಂಬ ಕಾರಖಾನೆಯನ್ನು ಸ್ಥಾಪಿಸಿ, ೧೯೩೬ರಲ್ಲಿ ಕ್ಲಿಪ್ಪರ್ ಎಂಬ ಅಲ್ಯುಮಿನಿಯಂ ಬಿಡಾರವನ್ನು ಹೊರತಂದನು. ಅಂದಿನಿಂದ ಇಂದಿನವರೆಗೂ ಆ ದೇಶದ ಸಂಸಾರಿಗರು ಬೇಸಗೆ ಬಂದೊಡನೆ ಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಡುವುದನ್ನು ಬಿಟ್ಟಿಲ್ಲ. ವರ್ಷಕ್ಕೆ ಮೂರು ನಾಲ್ಕು ವಾರ ಮಾತ್ರ ಎಳೆಯುವ ಕೆಲಸಕ್ಕೆ ಹೊಸ ಬಂಡಿಯನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವವರು ಹಳೆಯದನ್ನೇ ಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ.

ನಾವು ಕೊಂಡದ್ದು ೨೦೦೭ರಲ್ಲಿ ತಯಾರಾದ, ಎಂಟು ಸಿಲಿಂಡರುಗಳ, ೧,೩೮,೦೦೦ ಮೈಲಿ ಓಡಿದ್ದ ಬಂಡಿ. ೨೦೨೦ರ ಚಳಿಗಾಲದಲ್ಲಿ ೮,೫೦೦ ಡಾಲರಿಗೆ ದೊರೆಯಿತು. ತಯಾರಕರ ಹೆಸರು ಇಲ್ಲಿ ಬೇಡ. ಮುಂದೆ ಹೇಳುವ ತಪ್ಪು ಬಂಡಿಯದಲ್ಲ, ನಮ್ಮದು. ಬಿಡಾರವೂ ಹಳೆಯದೇ. ಇವೆರಡೂ ಮನೆಯ ಮುಂದೆ ಬಂದು ನಿಂತ ದಿನ ನಮಗಾದ ಸಂತೋಷ ಹೇಳತೀರದು. ಆ ಸಂತೋಷದಲ್ಲಿ ಕಿಟಕಿಗಳಿಗೆ ಹೊಸ ಪರದೆ, ಮಂಚಗಳಿಗೆ ಹೊಸ ಹಾಸಿಗೆ, ಬಾಗಿಲಿನ ಮುಂದೆ ಬಿಚ್ಚುವ ಚಪ್ಪರ, ಒಡೆಯದ ತಟ್ಟೆಲೋಟಗಳು ಎಂದು ೧,೧೦೦ ಡಾಲರುಗಳನ್ನು ವೆಚ್ಚಮಾಡಿದೆವು. ಬಂಡಿಗೆ ಮಾಡಿಸಿದ್ದು ಇಂಜಿನಿನ ಎಣ್ಣೆಯ ಬದಲಾವಣೆಯೊಂದೇ. ಊರೊಳಗೆ ಬ್ರೇಕು ಗಟ್ಟಿಯಾಗಿಯೇ ಹಿಡಿಯುತ್ತಿತ್ತು, ಟೈರುಗಳು ಕಪ್ಪಾಗಿ ಹೊಳೆಯುತ್ತಿದ್ದುವು. ಎಲ್ಲವೂ ಸರಿಯಾಗಿದೆಯೆಂದು ನಾವೇ ತೀರ್ಮಾನಿಸಿಕೊಂಡೆವು.

೨೦೨೧ರ ಜುಲೈ ತಿಂಗಳಲ್ಲಿ ಡೆನ್ವರಿನಿಂದ ಪಶ್ಚಿಮಕ್ಕೆ ಹೊರಟೆವು. ಆ ದಿಕ್ಕಿನ ಹೆದ್ದಾರಿಗೆ ಐ-೭೦ ಎಂದು ಹೆಸರು. ಅದು ಬೆಟ್ಟವನ್ನು ಹತ್ತುತ್ತ ಹತ್ತುತ್ತ ಹೋಗಿ, ೧೯೭೩ರಲ್ಲಿ ತೆರೆಯಲಾದ ಐಸೆನ್‌ಹೋವರ್ ಸುರಂಗವನ್ನು ಹೊಗುತ್ತದೆ. ಸುರಂಗದ ಪಶ್ಚಿಮ ಬಾಗಿಲು ಸಮುದ್ರಮಟ್ಟಕ್ಕಿಂತ ೧೧,೧೫೮ ಅಡಿ ಎತ್ತರದಲ್ಲಿದೆ. ಅಷ್ಟೆತ್ತರದ ತೆಳುಗಾಳಿಯಲ್ಲಿ ಸಾಮಾನ್ಯ ಇಂಜಿನು ತನ್ನ ಬಲದ ಸುಮಾರು ಮೂರರಲ್ಲೊಂದು ಪಾಲನ್ನು ಕಳೆದುಕೊಂಡಿರುತ್ತದೆ. ನಮ್ಮ ಬಂಡಿ ಏದುಸಿರು ಬಿಡುತ್ತ ಹತ್ತಿತು. ಹತ್ತಿದ್ದೇ ದೊಡ್ಡದೆಂದು ನಾವು ತಿಳಿದೆವು. ಕಷ್ಟ ಕಾದಿದ್ದುದು ಆಚೆಯ ಕಡೆ. ಸುರಂಗ ದಾಟಿದ ಮೇಲೆ ಸಿಲ್ವರ್‌ಥಾರ್ನ್ ಎಂಬ ಊರಿನವರೆಗೆ ಸುಮಾರು ಎಂಟು ಮೈಲಿಗಳಲ್ಲಿ ದಾರಿಯು ಎರಡು ಸಾವಿರ ಅಡಿಗಳಷ್ಟು ಇಳಿಯುತ್ತದೆ. ಹತೋಟಿ ತಪ್ಪಿದ ಲಾರಿಗಳು ಹೊಕ್ಕು ನಿಲ್ಲಲೆಂದು ದಾರಿಯ ಮಗ್ಗುಲಲ್ಲಿ ಜಲ್ಲಿ ತುಂಬಿದ ಏರುದಾರಿಯನ್ನು ಅಲ್ಲಿ ಮಾಡಿಟ್ಟಿದ್ದಾರೆ.

ಮೂರು ನಾಲ್ಕು ಮೈಲಿಗಳವರೆಗೆ ಬ್ರೇಕನ್ನು ಒತ್ತುತ್ತಲೇ ಇಳಿದೆವು. ಆಮೇಲೆ ಕಾಲ ಕೆಳಗಿನ ಪೆಡಲು ಮೆತ್ತಗಾಯಿತು. ಇನ್ನೊಂದು ಸಲ ಒತ್ತಿದಾಗ ನೆಲದವರೆಗೂ ಇಳಿಯಿತು. ಹಿಂದಿನಿಂದ ಐದು ಸಾವಿರ ಪೌಂಡಿನ ಮನೆ ನೂಕುತ್ತಿತ್ತು. ಹಿಂದಿನ ಆಸನದಲ್ಲಿ ಮಕ್ಕಳಿಬ್ಬರೂ ಹಾಡಿಕೊಳ್ಳುತ್ತಿದ್ದರು. ನಮ್ಮ ಮನೆಯವರು ಏನೂ ಮಾತಾಡದೆ ಮುಂದಿನ ಹಲಗೆಯ ಮೇಲೆ ಎರಡು ಕೈಗಳನ್ನೂ ಊರಿದರು. ಆ ಹೊತ್ತಿಗೆ ಜ್ಞಾಪಕಕ್ಕೆ ಬಂದುದು, ಬಿಡಾರದ ಬ್ರೇಕುಗಳನ್ನು ಮಾತ್ರ ಹಿಡಿಯುವ ಸಣ್ಣ ಕೈಗುಂಡಿಯೊಂದು ಬಂಡಿಯಲ್ಲಿ ಇತ್ತೆಂಬುದು. ಅದನ್ನು ಒತ್ತಿದೆವು, ಹಿಂದಿನ ನೂಕು ತಗ್ಗಿತು. ಗೇರನ್ನು ಎರಡನೆಯದಕ್ಕೆ ಇಳಿಸಿದೆವು. ಇಂಜಿನು ಕೂಗಿಕೊಂಡರೂ ವೇಗ ಕುಗ್ಗಿತು. ಪೆಡಲನ್ನು ಮತ್ತೆ ಮತ್ತೆ ತುಳಿದು ಸ್ವಲ್ಪ ಹಿಡಿತ ಬರಿಸಿಕೊಂಡು, ಹೇಗೋ ಊರಿನ ಅಂಚನ್ನು ಮುಟ್ಟಿ ನಿಂತೆವು. ಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಇಳಿದು ಒಂದು ಗಳಿಗೆ ಯಾರೂ ಮಾತಾಡಲಿಲ್ಲ.

ಆ ಊರಿನ ಕೆಲಸಗಾರನೊಬ್ಬನು ಬ್ರೇಕಿನ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಸಿದು ತೋರಿಸಿದನು. ಹೊಸದರಲ್ಲಿ ತಿಳಿಯಾಗಿ ಹೊಂಬಣ್ಣದಲ್ಲಿರಬೇಕಾದ ಅದು ಕಾಫಿಯ ಡಿಕಾಕ್ಷನ್ನಿನಂತೆ ಆಗಿಹೋಗಿತ್ತು. ಬ್ರೇಕಿನ ಎಣ್ಣೆಗೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ ೩ ಎಂಬ ಸಾಮಾನ್ಯ ಬಗೆಯ ಎಣ್ಣೆ ಹೊಸದಾಗಿರುವಾಗ ೨೦೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಕೂಡದೆಂದು ಕಟ್ಟಳೆ. ತೇವ ಹೀರಿದ ಮೇಲೆ ಅದು ೧೪೦ ಡಿಗ್ರಿಗೇ ಕುದಿಯಬಹುದು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದು ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗದೆ ಬಲವನ್ನು ಗಾಲಿಗೆ ಮುಟ್ಟಿಸುತ್ತದೆ; ಆವಿಯನ್ನು ಒತ್ತಿದರೆ ಆವಿ ಕುಗ್ಗುವುದೇ ಹೊರತು ಬಲ ಮುಂದಕ್ಕೆ ಹೋಗದು. ಪೆಡಲು ನೆಲ ಮುಟ್ಟಿದ ಕಾರಣ ಇಷ್ಟೆ. ಊರೊಳಗೆ ಓಡಾಡುವಾಗ ಅಷ್ಟು ಕಾವು ಏರುವುದಿಲ್ಲವಾದುದರಿಂದ ಈ ದೋಷ ಎಷ್ಟು ವರ್ಷವಾದರೂ ಗೋಚರಿಸದೆ ಅಡಗಿರುತ್ತದೆ.

ಲೆಕ್ಕ ಕೇಳಿದಾಗ, ಎಣ್ಣೆಯನ್ನು ಪೂರ್ತಿಯಾಗಿ ಬದಲಾಯಿಸಲು ಅವನು ಹೇಳಿದ್ದು ೧೩೦ ಡಾಲರು. ನಮ್ಮ ಮನೆಯವರು, “ಪರದೆಗೆ ಇನ್ನೂರು ಕೊಟ್ಟೆವಲ್ಲವೆ?” ಎಂದು ಕೇಳಿದರು. ನಾವು ಉತ್ತರ ಕೊಡಲಿಲ್ಲ.

ಈ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಬರೆದುದಕ್ಕೆ ಕಾರಣವುಂಟು. ಭಾರವನ್ನೆಳೆಯುವ ಬಂಡಿಯೆಂದರೆ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಎಳೆಯುತ್ತದೆ?’ ಎಂದು. ಹಳೆಯ ಬಂಡಿಯ ವಿಷಯದಲ್ಲಿ ಕೇಳಬೇಕಾದ ಕ್ರಮ ಬೇರೆ. ಮೊದಲನೆಯದು, ಅದು ನಿಲ್ಲುತ್ತದೆಯೆ? ಎರಡನೆಯದು, ಕಾವನ್ನು ಹೊರಹಾಕುತ್ತದೆಯೆ? ಮೂರನೆಯದು, ಎಳೆಯುತ್ತದೆಯೆ? ರಿಪೇರಿಯ ಹಣವನ್ನೂ ಇದೇ ಕ್ರಮದಲ್ಲಿ ವೆಚ್ಚಮಾಡತಕ್ಕದ್ದು. ಆ ಬೇಸಗೆಯ ಉಳಿದ ಸಂಚಾರವನ್ನು ಬಿಟ್ಟು ಮನೆಗೆ ಹಿಂದಿರುಗಿ, ನಾವು ಅದರಂತೆಯೇ ಮಾಡಿದೆವು.

ನಿಲ್ಲಿಸುವ ಭಾಗ ಮೊದಲು. ಬ್ರೇಕಿನ ಎಣ್ಣೆಯನ್ನು ಎರಡು ಮೂರು ವರ್ಷಗಳಿಗೊಮ್ಮೆ ಪೂರಾ ಬದಲಾಯಿಸಬೇಕು. ಹಿಂದಿನ ಒಡೆಯರು ಯಾವಾಗ ಬದಲಾಯಿಸಿದರೆಂಬುದು ಗೊತ್ತಿಲ್ಲದಿದ್ದರೆ ಕೊಂಡ ವಾರದಲ್ಲಿಯೇ ಮಾಡಿಸಬೇಕು. ಬ್ರೇಕಿನ ತಟ್ಟೆಗಳನ್ನೂ ಪ್ಯಾಡುಗಳನ್ನೂ ರಬ್ಬರು ಕೊಳವೆಗಳನ್ನೂ ಬಿಚ್ಚಿ ನೋಡಿಸಬೇಕು. ಆಮೇಲೆ ಬಿಡಾರದ ಸ್ವಂತ ಬ್ರೇಕುಗಳು. ಇವು ವಿದ್ಯುತ್ತಿನಿಂದ ನಡೆಯುವಂಥವು. ಚಾಲಕನ ಬಳಿಯಿರುವ ಹತೋಟಿಪೆಟ್ಟಿಗೆ ಇವುಗಳ ಬಲವನ್ನು ಗೊತ್ತುಮಾಡುತ್ತದೆ. ನಾವು ಊರೊಳಗೆ ಬಿಡಾರ ಜಗ್ಗುತ್ತದೆಂದು ಆ ಬಲವನ್ನು ತೀರ ತಗ್ಗಿಸಿಟ್ಟಿದ್ದೆವು. ಆದುದರಿಂದ ಬಿಡಾರದ ಭಾರವನ್ನೂ ಬಂಡಿಯ ಬ್ರೇಕೇ ಹೊರಬೇಕಾಯಿತು. ಇದು ನಮ್ಮ ಎರಡನೆಯ ತಪ್ಪು. ಬಂಡಿಗೂ ಬಿಡಾರಕ್ಕೂ ನಡುವೆ ಏಳು ಮುಳ್ಳುಗಳ ತಂತಿಗೊಂಡಿಯೊಂದಿರುತ್ತದೆ. ಹಳೆಯ ಬಂಡಿಗಳಲ್ಲಿ ಅದರ ಮುಳ್ಳುಗಳು ಕಿಲುಬು ಹಿಡಿದು ಬ್ರೇಕಿಗೆ ವಿದ್ಯುತ್ತು ಮುಟ್ಟದಿರುವುದು ಬಹಳ ಸಾಮಾನ್ಯ. ಕೊಂಡಿ ಕಳಚಿಕೊಂಡರೆ ಬಿಡಾರವು ತಾನಾಗಿಯೇ ಬ್ರೇಕು ಹಿಡಿಯುವಂತೆ ಒಂದು ಸಣ್ಣ ಕೀಲೂ ಬ್ಯಾಟರಿಯೂ ಇರುತ್ತವೆ. ಅವು ಕೆಲಸ ಮಾಡುತ್ತವೆಯೆ ಎಂಬುದನ್ನು ಪ್ರತಿ ಸಂಚಾರಕ್ಕೂ ಮುಂಚೆ ಪರೀಕ್ಷಿಸಬೇಕು.

ಟೈರುಗಳ ಹೊಳಪನ್ನು ನಂಬಕೂಡದು. ಟೈರಿನ ಮಗ್ಗುಲಲ್ಲಿ ಡಾಟ್ ಎಂದು ಮೊದಲಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರವನ್ನೂ ವರ್ಷವನ್ನೂ ಹೇಳುತ್ತವೆ. ೨೩೧೯ ಎಂದಿದ್ದರೆ ೨೦೧೯ನೆಯ ವರ್ಷದ ೨೩ನೆಯ ವಾರ. ಬಿಡಾರದ ಟೈರುಗಳು ವರ್ಷದ ಹೆಚ್ಚಿನ ಕಾಲ ಬಿಸಿಲಲ್ಲಿ ನಿಂತೇ ಇರುತ್ತವಾದುದರಿಂದ ಸವೆಯುವ ಮೊದಲೇ ಮುಪ್ಪಾಗುತ್ತವೆ. ಐದಾರು ವರ್ಷಗಳಾದ ಮೇಲೆ, ಹೊಸದರಂತೆ ಕಂಡರೂ, ಅವುಗಳನ್ನು ಬದಲಾಯಿಸುವುದು ಲೇಸು. ಇಂಥ ಟೈರುಗಳಲ್ಲಿ ಅನೇಕವು ಗಂಟೆಗೆ ೬೫ ಮೈಲಿಯ ವೇಗಕ್ಕೆ ಮಾತ್ರ ತಕ್ಕವು. ಬಿಡಾರದ ಗಾಲಿಗಳ ಬೇರಿಂಗುಗಳನ್ನು ೧೨ ತಿಂಗಳಿಗೆ ಅಥವಾ ೧೨,೦೦೦ ಮೈಲಿಗೆ ಒಂದು ಸಲ ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಬೇಕು. ಗಾಲಿಯನ್ನು ತೆಗೆದು ಹಾಕಿದ ಮೇಲೆ ೧೦, ೨೫, ೫೦ ಮೈಲಿಗಳಲ್ಲಿ ನಿಂತು ತಿರುಪುಗಳ ಬಿಗಿಯನ್ನು ನೋಡಬೇಕು.

ಇನ್ನು ಕಾವಿನ ವಿಷಯ. ಇಂಜಿನು ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಚಲನೆಯಾಗದೆ ಕಾವಾಗಿಯೇ ಹೋಗುತ್ತದೆ. ಭಾರವನ್ನೆಳೆದು ಬೆಟ್ಟ ಹತ್ತುವಾಗ ಈ ಕಾವು ಬಹಳವಾಗಿ ಹೆಚ್ಚುವುದು. ಹನ್ನೆರಡು ಹದಿನೈದು ವರ್ಷ ಕಂಡ ರೇಡಿಯೇಟರು, ರಬ್ಬರು ಕೊಳವೆಗಳು, ಥರ್ಮೊಸ್ಟಾಟು, ಬೀಸಣಿಗೆಯ ಕ್ಲಚ್ಚು ಇವುಗಳನ್ನು ಕೆಡುವವರೆಗೆ ಕಾಯದೆ ಬದಲಾಯಿಸುವುದು ಜಾಣತನ. ತಂಪಿನ ದ್ರವ ಅರ್ಧ ನೀರು, ಅರ್ಧ ಗ್ಲೈಕಾಲು ಇರಬೇಕು. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದು, ಆ ದ್ರವ ಬೇಗ ಕುದಿಯದಂತೆ ಕಾಯುತ್ತದೆ. ಮುಚ್ಚಳದ ರಬ್ಬರು ಬಿರಿದರೆ ಆ ರಕ್ಷಣೆ ತಪ್ಪಿತು. ಕೆಲವು ಡಾಲರಿನ ಮುಚ್ಚಳವನ್ನು ಉಳಿಸಲು ಹೋಗಿ ಸಾವಿರ ಡಾಲರಿನ ಇಂಜಿನನ್ನು ಕಳೆದುಕೊಂಡವರುಂಟು.

ಗೇರುಪೆಟ್ಟಿಗೆಗೆ ಕಾವು ಇಂಜಿನಿಗಿಂತಲೂ ದೊಡ್ಡ ಶತ್ರು. ತಾನಾಗಿ ಗೇರು ಬದಲಾಯಿಸುವ ಪೆಟ್ಟಿಗೆಯಲ್ಲಿ ಎಣ್ಣೆಯೇ ರಕ್ತ. ಆ ಎಣ್ಣೆಯ ಕಾವು ೧೭೫ ಡಿಗ್ರಿ ಫ್ಯಾರನ್‌ಹೀಟನ್ನು ಮೀರಿದ ಮೇಲೆ ಪ್ರತಿ ೨೦ ಡಿಗ್ರಿಗೆ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆಂದು ಕಾರಖಾನೆಯವರಲ್ಲಿ ಒಂದು ಬಾಯಿಲೆಕ್ಕವಿದೆ. ಅನೇಕ ಬಂಡಿಗಳಲ್ಲಿ ಈ ಎಣ್ಣೆಯನ್ನು ರೇಡಿಯೇಟರಿನ ಒಳಗೇ ಇರುವ ಸಣ್ಣ ಕೊಳವೆಯಲ್ಲಿ ಹಾಯಿಸಿ ತಣಿಸುತ್ತಾರೆ. ಆ ಒಳಗೊಳವೆ ಮುಪ್ಪಾಗಿ ಸೀಳಿದರೆ ತಂಪಿನ ದ್ರವವೂ ಗೇರಿನ ಎಣ್ಣೆಯೂ ಬೆರೆತು ನಸುಗೆಂಪಾದ ಹಾಲಿನಂತೆ ಆಗುವುವು. ಗೇರುಪೆಟ್ಟಿಗೆ ಅಲ್ಲಿಗೆ ಮುಗಿಯಿತು. ಹಳೆಯ ರೇಡಿಯೇಟರನ್ನು ಮುಂಚಿತವಾಗಿಯೇ ಬದಲಾಯಿಸಬೇಕೆನ್ನುವುದಕ್ಕೆ ಇದು ಇನ್ನೊಂದು ಕಾರಣ. ಭಾರವನ್ನೆಳೆಯುವವರು ರೇಡಿಯೇಟರಿನ ಮುಂದುಗಡೆ ಬೇರೆಯಾಗಿ ಒಂದು ತಣಿಸುವ ಜಾಲರಿಯನ್ನು ಹಾಕಿಸುವುದೂ ಉತ್ತಮ. ಅಮೆರಿಕದಲ್ಲಿ ೧೯೯೬ರಿಂದ ಮಾರಾಟವಾದ ಮೋಟಾರುಗಳಲ್ಲೆಲ್ಲ ಚುಕ್ಕಾಣಿಯ ಕೆಳಗೆ ಒಂದು ಸಣ್ಣ ಗೂಡಿದೆ. ಅದಕ್ಕೆ ಸಿಕ್ಕಿಸುವ ಅಗ್ಗದ ಉಪಕರಣವು ಬಂಡಿಯ ದೋಷಗಳನ್ನು ಓದಿ ಹೇಳುತ್ತದೆ. ಅನೇಕ ಬಂಡಿಗಳಲ್ಲಿ ಗೇರಿನ ಎಣ್ಣೆಯ ಕಾವನ್ನೂ ತೋರಿಸುತ್ತದೆ. ನಮ್ಮ ಮಟ್ಟಿಗೆ ಅದು ಮಗುವಿನ ಜ್ವರ ನೋಡುವ ಕಡ್ಡಿಯಷ್ಟೇ ಉಪಯುಕ್ತವಾಗಿದೆ.

ಮೂರನೆಯದು ಎಳೆಯುವ ಭಾಗ. ಇಂಜಿನಿನ ಸ್ಪಾರ್ಕು ಪ್ಲಗ್ಗುಗಳು, ಗಾಳಿಯ ಸೋಸುಬಟ್ಟೆ, ಪಟ್ಟಿಗಳು, ಹಿಂದುಮುಂದಿನ ಅಚ್ಚುಗಳ ಎಣ್ಣೆ, ಹಿಂದಿನ ಸ್ಪ್ರಿಂಗುಗಳು ಇವುಗಳನ್ನು ನೋಡಿಕೊಳ್ಳಬೇಕು. ಕೆಲವು ಇಂಜಿನುಗಳಲ್ಲಿ ಟೈಮಿಂಗ್ ಬೆಲ್ಟು ಎಂಬ ಹಲ್ಲುಪಟ್ಟಿಯಿರುತ್ತದೆ. ಉದಾಹರಣೆಗೆ, ಟೊಯೋಟದ ೪.೭ ಲೀಟರಿನ ಎಂಟು ಸಿಲಿಂಡರಿನ ಇಂಜಿನಿನಲ್ಲಿ ಅದನ್ನು ೯೦,೦೦೦ ಮೈಲಿಗೆ ಬದಲಾಯಿಸಬೇಕೆಂದು ವಿಧಿ. ಬದಲಾಯಿಸಿದ ಚೀಟಿಯನ್ನು ಮಾರುವವನು ತೋರಿಸಲಾರದಿದ್ದರೆ, ಬದಲಾಯಿಸಿಲ್ಲವೆಂದೇ ತಿಳಿದು ಬೆಲೆ ಕಟ್ಟತಕ್ಕದ್ದು. ಇವೆಲ್ಲಕ್ಕಿಂತ ಮುಖ್ಯವಾದುದು ಬಂಡಿಯ ಅಡಿಯ ಉಕ್ಕಿನ ಚೌಕಟ್ಟು. ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಸಂಸ್ಥಾನಗಳಲ್ಲಿ ಓಡಿದ ಬಂಡಿಯ ಚೌಕಟ್ಟನ್ನು ತುಕ್ಕು ತಿಂದಿರಬಹುದು. ಸುತ್ತಿಗೆಯಿಂದ ತಟ್ಟಿದಾಗ ಪದರು ಪದರಾಗಿ ಉದುರಿದರೆ, ಅಥವಾ ಕೊಂಡಿಯನ್ನು ಬಿಗಿದ ಜಾಗದಲ್ಲಿ ತೂತು ಕಂಡರೆ, ಆ ಬಂಡಿಗೆ ಒಂದು ಡಾಲರನ್ನೂ ವೆಚ್ಚಮಾಡಬಾರದು. ಬೇರೆ ಭಾಗಗಳನ್ನೆಲ್ಲ ಬದಲಾಯಿಸಬಹುದು. ಮುರಿಯುವ ಬೆನ್ನೆಲುಬಿಗೆ ಭಾರ ಕಟ್ಟಲಾಗದು.

ಇಷ್ಟಾದರೂ ತೂಕದ ಲೆಕ್ಕ ತಪ್ಪಿದರೆ ಎಲ್ಲವೂ ವ್ಯರ್ಥ. ತಯಾರಕರ ಪುಸ್ತಕದಲ್ಲಿ ‘ಇಷ್ಟು ಸಾವಿರ ಪೌಂಡು ಎಳೆಯುತ್ತದೆ’ ಎಂದಿರುವ ಅಂಕಿಯನ್ನು ನೋಡಿ ಹಿಗ್ಗುವವರೇ ಹೆಚ್ಚು. ಈಗ ಇದಕ್ಕೆ ಜೆ೨೮೦೭ ಎಂಬ ಸಾಮಾನ್ಯ ಕಟ್ಟಳೆಯಿದೆ. ಅದರಂತೆ ಅರಿಜೋನದ ಡೇವಿಸ್ ಅಣೆಕಟ್ಟಿನ ಬಳಿಯ ೧೧.೪ ಮೈಲಿಯ ಏರುದಾರಿಯನ್ನು, ಕನಿಷ್ಠಪಕ್ಷ ೧೦೦ ಡಿಗ್ರಿ ಫ್ಯಾರನ್‌ಹೀಟಿನ ಸೆಕೆಯಲ್ಲಿ, ಒಳಗೆ ತಂಪುಯಂತ್ರವನ್ನು ನಡೆಯಿಸಿಕೊಂಡೇ, ಗಂಟೆಗೆ ೪೦ ಮೈಲಿಗೆ ಕಡಮೆಯಾಗದಂತೆ ಹತ್ತಬೇಕು. ಆದರೆ ಟೊಯೋಟದವರು ಎಲ್ಲರಿಗಿಂತ ಮೊದಲು ಈ ಕಟ್ಟಳೆಯನ್ನು ಅನುಸರಿಸಿದ್ದು ೨೦೧೧ರ ಮಾದರಿಗಳಿಂದ. ಅದಕ್ಕೆ ಹಿಂದಿನ ಬಂಡಿಗಳ ಅಂಕಿಗಳನ್ನು ಆಯಾ ತಯಾರಕರು ತಮ್ಮ ತಮ್ಮ ರೀತಿಯಲ್ಲಿ ಗೊತ್ತುಮಾಡಿದರು. ಮೇಲಾಗಿ ಆ ಪರೀಕ್ಷೆ ಹೊಸ ಬಂಡಿಗೆ. ಒಳಗೆ ಕುಳಿತಿರುವವರೆಂದು ಎಣಿಸುವುದು ತಲಾ ೧೫೦ ಪೌಂಡಿನ ಇಬ್ಬರನ್ನು ಮಾತ್ರ. ಅಜ್ಜ, ಅಜ್ಜಿ, ಮೊಮ್ಮಕ್ಕಳು ಆ ಲೆಕ್ಕದಲ್ಲಿಲ್ಲ.

ನಿಜವಾದ ಅಂಕಿ ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿರುತ್ತದೆ: ಜನರೂ ಸಾಮಾನೂ ಸೇರಿ ಬಂಡಿ ಎಷ್ಟು ಹೊರಬಹುದೆಂಬುದು. ಎತ್ತಿನ ಗಾಡಿಯನ್ನು ಬಲ್ಲ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತದೆ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಬಿಡಾರಕ್ಕೂ ಅದೇ ನ್ಯಾಯ. ಅದರ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಬಂಡಿಯ ಕೊಂಡಿಯ ಮೇಲೆ ಕೂಡಬೇಕು. ಹತ್ತಕ್ಕಿಂತ ಕಡಮೆಯಾದರೆ ಬಿಡಾರವು ಹಾವಿನ ಬಾಲದಂತೆ ಅತ್ತಿತ್ತ ಹೊಯ್ದಾಡಿ ಬಂಡಿಯನ್ನೂ ಎಳೆದುಕೊಂಡು ಉರುಳಬಹುದು. ಈ ಕೊಂಡಿಯ ಭಾರವೂ ಬಂಡಿ ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ.

ನಮ್ಮ ಲೆಕ್ಕ ಹೀಗಿತ್ತು. ಸಾಮಾನು ತುಂಬಿದ ಬಿಡಾರ ೫,೨೦೦ ಪೌಂಡು. ಬಂಡಿ ಎಳೆಯಬಲ್ಲುದೆಂದು ಪುಸ್ತಕದಲ್ಲಿದ್ದುದು ೬,೫೦೦. ಇದನ್ನು ನೋಡಿ ನಿಶ್ಚಿಂತರಾಗಿದ್ದೆವು. ಬಾಗಿಲಿನ ಚೀಟಿಯಲ್ಲಿದ್ದುದು ೧,೨೫೦ ಪೌಂಡು. ಲಾರಿಗಳು ತಂಗುವ ಕಟ್ಟೆಯ ತಕ್ಕಡಿಯಲ್ಲಿ ತೂಗಿಸಿದಾಗ ಕೊಂಡಿಯ ಮೇಲೆ ೬೫೦ ಇತ್ತು. ನಾವು ನಾಲ್ವರು ೪೮೦, ಕೊಂಡಿಯ ಸಲಕರಣೆ ೮೦, ಬಂಡಿಯೊಳಗಿನ ಸಾಮಾನು ೧೦೦. ಒಟ್ಟು ೧,೩೧೦. ಎಳೆಯುವ ಲೆಕ್ಕದಲ್ಲಿ ೧,೩೦೦ ಪೌಂಡು ಮಿಗುತ್ತಿದ್ದ ಬಂಡಿ ಹೊರುವ ಲೆಕ್ಕದಲ್ಲಿ ೬೦ ಪೌಂಡು ಮೀರಿತ್ತು. ಬಂಡಿಯೊಳಗಿನ ಸಾಮಾನನ್ನು ತೆಗೆದು ಬಿಡಾರದ ಅಚ್ಚಿನ ನೇರಕ್ಕೆ ಇಟ್ಟೆವು. ಬಿಡಾರದ ಮುಂಭಾಗದಲ್ಲಿದ್ದ ನೀರಿನ ತೊಟ್ಟಿಯನ್ನು ಬರಿದು ಮಾಡಿಕೊಂಡು ಹೋಗಿ, ಇಳಿಯುವ ಕಡೆ ತುಂಬಿಸಿಕೊಳ್ಳುವ ರೂಢಿ ಮಾಡಿದೆವು. ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ಹೆಚ್ಚು ತೂಗುತ್ತದೆಯಾದುದರಿಂದ ಇದರಿಂದಲೇ ಬಹಳ ಅನುಕೂಲವಾಯಿತು. ಆಮೇಲೆ ಮತ್ತೆ ತೂಗಿಸಿ, ಕೊಂಡಿಯ ಭಾರ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿದಿಲ್ಲವೆಂಬುದನ್ನು ಖಚಿತಪಡಿಸಿಕೊಂಡೆವು.

ರಿಪೇರಿಯ ವೆಚ್ಚವನ್ನೂ ಮುಚ್ಚಿಡದೆ ಹೇಳುವೆವು. ಬ್ರೇಕುಗಳಿಗೆ ೬೪೦, ಹತೋಟಿಪೆಟ್ಟಿಗೆ ಮತ್ತು ತಂತಿಗಳಿಗೆ ೨೬೦, ರೇಡಿಯೇಟರು ಮೊದಲಾದ ತಂಪಿನ ಭಾಗಗಳಿಗೆ ೮೭೦, ಗೇರಿನ ಮತ್ತು ಅಚ್ಚಿನ ಎಣ್ಣೆಗಳಿಗೆ ೩೧೦, ಟೈರುಗಳಿಗೆ ೭೮೦, ಬೇರಿಂಗುಗಳಿಗೆ ೬೦. ಒಟ್ಟು ೨,೯೨೦ ಡಾಲರು. ಬಂಡಿಯ ಬೆಲೆಯ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಆದುದರಿಂದ ನಮ್ಮ ಸಲಹೆಯೇನೆಂದರೆ, ಕೈಯಲ್ಲಿರುವ ಹಣವನ್ನೆಲ್ಲ ಕೊಟ್ಟು ಬಂಡಿಯನ್ನು ಕೊಳ್ಳದೆ, ನಾಲ್ಕರಲ್ಲೊಂದು ಪಾಲನ್ನಾದರೂ ಮೊದಲ ವರ್ಷದ ರಿಪೇರಿಗೆ ಎತ್ತಿಟ್ಟು, ಉಳಿದುದರಲ್ಲಿ ದೊರೆಯುವ ಬಂಡಿಯನ್ನು ಹುಡುಕಬೇಕು. ಕೈ ಕೆಸರಾದರೆ ಬಾಯಿ ಮೊಸರೆಂಬಂತೆ ಬೇರಿಂಗಿನ ಗ್ರೀಸು, ಅಚ್ಚಿನ ಎಣ್ಣೆ, ಗಾಳಿಯ ಸೋಸುಬಟ್ಟೆ, ಪ್ಲಗ್ಗುಗಳು ಇವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಬಂಡಿಯನ್ನು ಜಾಕಿನ ಮೇಲೆ ಮಾತ್ರ ಎತ್ತಿ ಅದರ ಕೆಳಗೆ ಎಂದಿಗೂ ನುಸುಳಕೂಡದು. ಗಟ್ಟಿಯಾದ ಉಕ್ಕಿನ ಊರೆಗಳನ್ನು ಕೊಟ್ಟೇ ನುಸುಳಬೇಕು. ಬ್ರೇಕಿನ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು.

ಈಗ ಆ ತಾಯಿಯ ಪ್ರಶ್ನೆಗೆ ಬರುವೆವು. ಅಮ್ಮ, ಮಗನನ್ನು ‘ಬಂಡಿ ಗಟ್ಟಿಯಾಗಿದೆಯೆ?’ ಎಂದು ಕೇಳಬೇಡಿರಿ; ‘ಗಟ್ಟಿಯಾಗಿದೆ’ ಎಂದೇ ಅವನು ಹೇಳುವನು. ಕೇಳಬೇಕಾದುವು ಮೂರು. ಬ್ರೇಕಿನ ಎಣ್ಣೆಯನ್ನು ಬದಲಾಯಿಸಿದುದು ಯಾವ ತಿಂಗಳು? ಬಿಡಾರದ ಟೈರುಗಳ ಕೊನೆಯ ನಾಲ್ಕು ಅಂಕಿಗಳೇನು? ಬಾಗಿಲಿನ ಚೀಟಿಯಲ್ಲಿರುವ ತೂಕವೆಷ್ಟು, ನಾವಿಬ್ಬರು ಹತ್ತಿದ ಮೇಲೆ ಅದರಲ್ಲಿ ಉಳಿಯುವುದೆಷ್ಟು? ಮೊದಲೆರಡಕ್ಕೆ ಅವನು ತಡವರಿಸಿದರೆ ಕೋಪ ಬೇಡ, ನಾವೂ ತಡವರಿಸಿದವರೇ. ಮೂರನೆಯದಕ್ಕೆ ಮ��ತ್ರ ನೀವು ಮನಸ್ಸನ್ನು ಸಿದ್ಧಮಾಡಿಕೊಂಡಿರಬೇಕು. ನಮ್ಮ ಲೆಕ್ಕದಂಥ ಲೆಕ್ಕವೇ ಅವನದೂ ಆಗಿದ್ದರೆ ನಿಮ್ಮಿಬ್ಬರಿಗೆ ಆ ಬಂಡಿಯಲ್ಲಿ ಸ್ಥಳವಿದೆ, ತೂಕವಿಲ್ಲ. ಆಗ ನೀವೂ ಸೊಸೆಯೂ ಮೊಮ್ಮಕ್ಕಳೂ ಮನೆಯ ಇನ್ನೊಂದು ಸಣ್ಣ ಮೋಟಾರಿನಲ್ಲಿ ಹಿಂದೆ ಹಿಂದೆ ಹೋಗುವುದು ಒಂದು ದಾರಿ. ಹಗುರವಾದ ಬಿಡಾರವನ್ನು ಬಾಡಿಗೆಗೆ ತರುವುದು ಇನ್ನೊಂದು. ಹಿರಿಯರನ್ನು ಬೇರೆ ಕೂರಿಸುವುದು ಅಗೌರವವೆಂದು ಮಗನು ಸಂಕೋಚಪಟ್ಟಾನು. ಆದುದರಿಂದ ಈ ಮಾತು ನಿಮ್ಮ ಬಾಯಿಂದಲೇ ಮೊದಲು ಬರುವುದು ಒಳ್ಳೆಯದು.

ಅವನಿಗೆ ಹೇಳಬೇಕಾದುದು ಇನ್ನೆರಡು ಮಾತುಗಳಿವೆ. ಇಳಿಜಾರು ತೊಡಗುವ ಮೊದಲೇ ಗೇರನ್ನು ಇಳಿಸಬೇಕು. ಬ್ರೇಕನ್ನು ಒಂದೇ ಸಮನೆ ಒತ್ತಿಹಿಡಿಯದೆ, ಒಂದು ಸಲ ಬಲವಾಗಿ ಒತ್ತಿ ವೇಗ ತಗ್ಗಿಸಿ ಬಿಟ್ಟುಬಿಡಬೇಕು. ಮತ್ತು ಬಂಡಿಗೆಂದು ಒಂದು ಲೆಕ್ಕದ ಪುಸ್ತಕವಿರಬೇಕು: ತಾರೀಖು, ಓಡಿದ ಮೈಲಿ, ಮಾಡಿಸಿದ ಕೆಲಸ, ಕೊಟ್ಟ ಹಣ. ನಮ್ಮ ಮನೆಯಲ್ಲಿ ಅದನ್ನು ಬರೆಯುವವರು ನಾವಲ್ಲ, ನಮ್ಮ ಮನೆಯವರು. ಆ ಪುಸ್ತಕದ ಮೊದಲನೆಯ ಸಾಲು ಸಿಲ್ವರ್‌ಥಾರ್ನ್ ಊರಿನ ೧೩೦ ಡಾಲರು.

೨೦೨೨ರ ಬೇಸಗೆಯಲ್ಲಿ ಅದೇ ಸುರಂಗವನ್ನು ದಾಟಿ ಅದೇ ದಾರಿಯನ್ನು ಇಳಿದೆವು. ಲಾರಿಗಳ ಹಿಂದೆ, ಲಾರಿಗಳಷ್ಟೇ ಮೆಲ್ಲಗೆ, ಎರಡನೆಯ ಗೇರಿನಲ್ಲಿ ಇಳಿದುದರಿಂದ ಬಹಳ ಹೊತ್ತು ಹಿಡಿಯಿತು. ಪೆಡಲು ಗಟ್ಟಿಯಾಗಿಯೇ ಇತ್ತು. ಜಲ್ಲಿಯ ಏರುದಾರಿ ಬಂದಾಗ ಮಕ್ಕಳು ಅದೇನೆಂದು ಕೇಳಿದರು. ಅವರಿಗೆ ಮೊದಲನೆಯ ಸಲದ್ದು ಏನೂ ನೆನಪಿರಲಿಲ್ಲ. ನಮ್ಮ ಮನೆಯವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಬಿಡಾರದೊಳಗಿನ ಸಣ್ಣ ಒಲೆಯ ಮೇಲೆ ನಮ್ಮ ಅಡಿಗೆಯನ್ನು ಮಾಡುವ ಬಗೆಯನ್ನು ಕೆಲವರು ಕೇಳಿದ್ದಾರೆ. ಅದನ್ನು ಮುಂದಿನ ತಿಂಗಳು ಬರೆಯುವೆವು.